ಹದಿನಾರು ವರ್ಷಗಳ ನಂತರ ಮನೆಗೆ: ಬಿಡುಗಡೆಗೆ ಮುನ್ನ ನೀಡಿದ ಆಪ್ತಸಲಹೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಜಮೀನಿನ ಜಗಳ ಕೊಲೆಯಲ್ಲಿ ಮುಗಿದ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಗೊಳಗಾಗಿ, 2007ರಿಂದ ರಾಜ್ಯದ ಕೇಂದ್ರ ಕಾರಾಗೃಹವೊಂದರಲ್ಲಿದ್ದ ರೈತರೊಬ್ಬರು 2023ರ ಮಳೆಗಾಲದಲ್ಲಿ ನನ್ನ ಬಳಿ ಬಂದರು. ಸನ್ನಡತೆಯ ಆಧಾರದ ಮೇಲೆ ಬಿಡುಗಡೆಯಾಗುವವರ ಪಟ್ಟಿಯಲ್ಲಿ ತಮ್ಮ ಹೆಸರಿದೆಯೆಂದು ತಿಳಿದ ದಿನದಿಂದ ಅವರಿಗೆ ನಿದ್ದೆ ಇರಲಿಲ್ಲ. ಎದುರು ಪಕ್ಷದವರ ತಕರಾರಿನಿಂದ ಅವರಿಗೆ ಒಮ್ಮೆಯೂ ಪೆರೋಲ್ ಸಿಕ್ಕಿರಲಿಲ್ಲವಾದ್ದರಿಂದ, ಊರು ಹೇಗಿರಬಹುದೆಂಬುದನ್ನು ಇಷ್ಟು ವರ್ಷವೂ ಊಹೆಯಲ್ಲೇ ಕಟ್ಟಿಕೊಂಡು ಬಂದಿದ್ದರು.

ಜಗತ್ತು ಬದಲಾಗಿದೆಯೆಂಬುದು ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ. 2011ರಲ್ಲಿ ಬೆಂಗಳೂರಿಗೆ ಮೆಟ್ರೊ ಬಂದದ್ದು, 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದದ್ದು, 2020ರ ಲಾಕ್‌ಡೌನ್, ಎಲ್ಲವನ್ನೂ ಬ್ಯಾರಕ್ಕಿನ ಟಿವಿಯಲ್ಲಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅಂಗಡಿಯವರು ಇನ್ನು ನಗದು ಮುಟ್ಟುವುದೇ ಇಲ್ಲವೇನೋ ಎಂಬಂತಹ ಹೆದರಿಕೆಗಳೂ ಅದರಲ್ಲಿದ್ದವು. ಇಂಥವು ವಾರದೊಳಗೆ ಕಳೆಯುತ್ತವೆ. ನನಗೆ ಚಿಂತೆ ತಂದದ್ದು ಬೇರೆ: ಅಷ್ಟು ಪುಟಗಳಲ್ಲಿ ಅವರ ಮನೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಹೊರಗಿನದೆಲ್ಲ ಬದಲಾಗಿ, ಮನೆಯೊಂದು ಮಾತ್ರ ತಾವು ಬಿಟ್ಟುಬಂದ ಹಾಗೆಯೇ ಕಾಯುತ್ತಿದೆಯೆಂದು ಅವರು ನಂಬಿದ್ದರು.

ಈ ನಂಬಿಕೆ ಸಡಿಲಗೊಂಡದ್ದು ಸಂದರ್ಶನಕ್ಕೆ ಬಂದ ಹೆಂಡತಿ ಕೊಟ್ಟುಹೋದ ಫೋಟೊದಿಂದ. ನಾಡಹೆಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಎದ್ದಿತ್ತು. ಅವರ ತಂದೆ ಸಂಜೆ ಹೊತ್ತು ಕೂರುತ್ತಿದ್ದ ಜಗಲಿ ಇದ್ದಲ್ಲಿ ಸ್ಕೂಟರ್ ನಿಂತಿತ್ತು. "ಜಗಲೀನೇ ಇಲ್ವಲ್ಲ ಮೇಡಂ, ನಾನು ಹೋಗಿ ಎಲ್ಲಿ ಕೂತ್ಕೊಳ್ಳಲಿ?" ಎಂದು ಕೇಳಿದರು. ಆ ವರ್ಷದ ಜೂನ್ 11ರಂದು ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಜಾರಿಯಾದುದನ್ನೂ ಅವರು ಬರೆದಿಟ್ಟಿದ್ದರು. ಆದರೆ ಒಬ್ಬಳೇ ಪೇಟೆಗೆ ಹೋಗದಿದ್ದ ತಮ್ಮ ಹೆಂಡತಿ ಅದೇ ಬಸ್ಸು ಹಿಡಿದು ದಿನವೂ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ, ಆ ಮನೆ ಅವಳು ದುಡಿದು ಕಟ್ಟಿಸಿದ್ದು ಎಂಬುದನ್ನು ಆ ಸುದ್ದಿಯ ಜೊತೆ ಸೇರಿಸಿ ಯೋಚಿಸಿರಲಿಲ್ಲ. ನಾಲ್ಕು ವರ್ಷದವಳಿದ್ದಾಗ ಬಿಟ್ಟುಬಂದ ಮಗಳಿಗೆ ಈಗ ಇಪ್ಪತ್ತು, ನರ್ಸಿಂಗ್ ಓದುತ್ತಿದ್ದಾಳೆ. ಲೆಕ್ಕ ಅವರಿಗೆ ಸರಿಯಾಗಿಯೇ ಗೊತ್ತಿತ್ತು. ಆದರೂ ಕಣ್ಣು ಮುಚ್ಚಿದರೆ ಬರುತ್ತಿದ್ದವಳು ಬೆರಳು ಹಿಡಿದು ನಡೆಯುವ ಮಗುವೇ.

ನೋಟ್‌ಬುಕ್ಕಿನ ಉಳಿದ ಹಾಳೆಗಳನ್ನು ಮನೆಗೇ ಮೀಸಲಿಡಿ ಎಂದು ನಾನು ಸಲಹೆ ಕೊಟ್ಟೆ. ಬೆಳಿಗ್ಗೆ ಮೊದಲು ಏಳುವವರು ಯಾರು, ರೇಷನ್ ತರುವವರು ಯಾರು, ಸಂಘದ ಸಾಲದ ಕಂತು ಕಟ್ಟುವವರು ಯಾರು ಎಂದು ಪತ್ರ ಬರೆದು ಕೇಳಿ, ಬಂದ ಉತ್ತರವನ್ನು ಬರೆದಿಡಬೇಕು. ಹೀಗಿರಬಾರದಿತ್ತು ಎಂದು ಅದರ ಕೆಳಗೆ ಏನನ್ನೂ ಸೇರಿಸಬಾರದು. ಬಿಡುಗಡೆಯಾದ ಮೊದಲ ಆರು ತಿಂಗಳು ಮನೆಯ ಹಣಕಾಸು ಹೆಂಡತಿಯ ಕೈಯಲ್ಲೇ ಇರಲಿ, ಮಗಳ ಮದುವೆಯ ಮಾತು ಎತ್ತಬೇಡಿ, ಜಮೀನಿನ ಹಳೆಯ ತಂಟೆಯ ಕಡೆ ತಲೆಹಾಕಲೇಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿದೆ. ರಾತ್ರಿಯಿಡೀ ದೀಪ ಉರಿಯುವ ಬ್ಯಾರಕ್ಕಿನಲ್ಲಿ ಮಲಗಿ ಅಭ್ಯಾಸವಾದವರಿಗೆ ಕತ್ತಲೆಯ ಕೋಣೆಯಲ್ಲಿ ನಿದ್ದೆ ಬಾರದಿರುವುದು ಸಹಜವೆಂದು, ಕೆಲವು ದಿನ ಸಣ್ಣ ದೀಪ ಇಟ್ಟುಕೊಳ್ಳಬಹುದೆಂದೂ ತಿಳಿಸಿದೆ.

ಅವರ ಹೆಂಡತಿಯೊಡನೆ ಪ್ರತ್ಯೇಕವಾಗಿ ಮಾತನಾಡಿದೆ. ಗಂಡ ಬಂದ ಮೇಲೆ ಕೆಲಸ ಬಿಡಬೇಕೇನೋ ಎಂದು ಆಕೆ ಅಳುಕುತ್ತಿದ್ದರು. ಬಿಡಬೇಕಾಗಿಲ್ಲ, ಇದನ್ನು ಅವರೆದುರಿಗೇ ಈಗಲೇ ಹೇಳಿಬಿಡಿ ಎಂದೆ. ಮುಂದಿನ ಸಂದರ್ಶನದಲ್ಲಿ ಹೇಳಿದರು. ಅವರು ತುಂಬ ಹೊತ್ತು ಸುಮ್ಮನಿದ್ದು, ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರಂತೆ.

ಡಿಸೆಂಬರಿನಲ್ಲಿ ಅವರು ಮನೆ ಸೇರಿದರು. ಮಗಳು ಅವರನ್ನು ಅಪ್ಪ ಎಂದೇ ಕರೆಯುತ್ತಾಳಾದರೂ ಜೊತೆಯಲ್ಲಿ ಆಪ್ತಸಲಹೆಗೆ ಬರಲು ಇನ್ನೂ ಒಪ್ಪಿಲ್ಲ. ಒತ್ತಾಯ ಮಾಡಬೇಡಿ ಎಂದಿದ್ದೇನೆ. ಆಕೆಯ ಪರೀಕ್ಷೆಗಳು ಮುಗಿದ ಮೇಲೆ ನಾನೇ ಫೋನ್ ಮಾಡಿ ಕೇಳುವುದೆಂದು ಮೂವರಿಗೂ ತಿಳಿಸಿದ್ದೇನೆ.