ಓದುಗರ ಪ್ರಶ್ನೆ: ಹಪ್ಪಳದ ಜಾಹೀರಾತು ಯಾರ ಕಣ್ಣಿಗೆ ಬೀಳಬೇಕು?

ಪ್ರಶ್ನೆ: ನಾವು ಮನೆಯಲ್ಲಿಯೇ ಹಲಸಿನ ಹಪ್ಪಳ ಹಾಗೂ ಮಾವಿನ ಮಿಡಿ ಉಪ್ಪಿನಕಾಯಿ ತಯಾರಿಸಿ ಮಾರುತ್ತೇವೆ. ಕಳೆದ ತಿಂಗಳು ಫೇಸ್‌ಬುಕ್‌ನಲ್ಲಿ ದಿನಕ್ಕೆ 250 ರೂಪಾಯಿಯಂತೆ ಕನ್ನಡ ಜಾಹೀರಾತು ಹಾಕಿದೆವು. ಸ್ಥಳ ‘ಕೇರಳ’ ಎಂದು ಕೊಟ್ಟಾಗ ಕೊಲ್ಲಂ, ತಿರುವನಂತಪುರ ಕಡೆಯಿಂದ ಮಲಯಾಳದಲ್ಲಿ ವಿಚಾರಣೆಗಳು ಬಂದವು, ಒಂದೂ ಆರ್ಡರ್ ಆಗಲಿಲ್ಲ. ಅನಂತರ ಸ್ಥಳ ‘ಕಾಸರಗೋಡು’, ಭಾಷೆ ‘ಕನ್ನಡ’ ಎಂದು ಬದಲಾಯಿಸಿದೆವು. ಆಗ ಜಾಹೀರಾತು ಹೆಚ್ಚು ಜನರಿಗೆ ಕಾಣಿಸಲೇ ಇಲ್ಲ. ನಿಯಮಗಳನ್ನು ಹೇಗೆ ಹೊಂದಿಸಬೇಕು?
(ಓದುಗರೊಬ್ಬರು, ಬದಿಯಡ್ಕ)

ಉತ್ತರ: ತಮ್ಮ ಎರಡೂ ಪ್ರಯತ್ನಗಳಲ್ಲಿ ರಾಜ್ಯದ ಗಡಿಯನ್ನೇ ವ್ಯಾಪಾರದ ಗಡಿಯೆಂದು ಭಾವಿಸಿದ್ದೀರಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಾದರೂ ಬದಿಯಡ್ಕ, ಪೆರ್ಲದ ಜನ ಮದುವೆಯ ಜವಳಿಗೆ ಇಂದಿಗೂ ಪುತ್ತೂರು, ಮಂಗಳೂರಿಗೆ ಹೋಗುವುದನ್ನು ಬಿಟ್ಟಿಲ್ಲ. ತಮ್ಮ ಹಪ್ಪಳದ ಗಿರಾಕಿಗಳೂ ಆ ದಾರಿಯ ಎರಡೂ ಬದಿಗಳಲ್ಲಿದ್ದಾರೆ. ಆದ್ದರಿಂದ ಜಿಲ್ಲೆ ಅಥವಾ ರಾಜ್ಯದ ಹೆಸರನ್ನು ಆರಿಸುವ ಬದಲು ಫೇಸ್‌ಬುಕ್ ಜಾಹೀರಾತುಗಳನ್ನು ಹೊಂದಿಸುವ ‘ಆಡ್ಸ್ ಮ್ಯಾನೇಜರ್’ನ ನಕ್ಷೆಯಲ್ಲಿ ಪಿನ್ ಚುಚ್ಚಿ, ಅದರ ಸುತ್ತ ಇಷ್ಟು ಕಿಲೋಮೀಟರ್ ಎಂದು ವೃತ್ತವನ್ನು ಎಳೆಯಿರಿ.

ಪಿನ್ ಅನ್ನು ತಮ್ಮ ಮನೆಯ ಮೇಲೆಯೇ ಚುಚ್ಚಬೇಕೆಂದಿಲ್ಲ. ಬದಿಯಡ್ಕವನ್ನು ನಡುವಿಟ್ಟು 40 ಕಿಲೋಮೀಟರ್ ವೃತ್ತ ಎಳೆದರೆ ಮಲಯಾಳವೇ ಹೆಚ್ಚಾಗಿರುವ ಕಾಞಂಗಾಡು ಒಳಗೆ ಬರುತ್ತದೆ, ಪಶ್ಚಿಮದಲ್ಲಿ ಸಾಕಷ್ಟು ಭಾಗ ಕಡಲಿಗೆ ಹೋಗುತ್ತದೆ (ಕಡಲಿಗೆ ದುಡ್ಡು ಖರ್ಚಾಗುವುದಿಲ್ಲವೆಂಬುದೇ ಸಮಾಧಾನ). ಅದೇ ಪಿನ್ ಅನ್ನು ವಿಟ್ಲದ ಮೇಲೆ ಚುಚ್ಚಿ 40 ಕಿಲೋಮೀಟರ್ ಕೊಟ್ಟು ನೋಡಿ: ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಗಳೂರು, ಪುತ್ತೂರು, ಬೆಳ್ತಂಗಡಿ ಒಳಗೆ ಉಳಿಯುತ್ತವೆ, ಕಾಞಂಗಾಡು ಹೊರಗಾಗುತ್ತದೆ. ಈ ಅಳತೆ ಬಸ್ಸಿನ ದಾರಿಯದ್ದಲ್ಲ, ನೇರ ಗೆರೆಯದ್ದು ಎಂಬುದು ನೆನಪಿರಲಿ. ಇಷ್ಟಾದ ಮೇಲೂ ಬೇಡವಾದ ಊರೊಂದು ಒಳಗೆ ಉಳಿದಿದ್ದರೆ ಅದಕ್ಕೆ ಪ್ರತ್ಯೇಕ ಪಿನ್ ಚುಚ್ಚಿ, ‘ಹೊರಗಿಡು’ ಎಂಬ ಆಯ್ಕೆಯನ್ನು ಬಳಸಬಹುದು.

ಭಾಷೆಯ ವಿಚಾರದಲ್ಲಿ ತಾವು ಮಾಡಿದ್ದು ನೋಡಲು ಸರಿಯಾಗಿಯೇ ಇದೆ, ಆದರೆ ಆ ಆಯ್ಕೆ ಮನೆಮಾತನ್ನು ಕೇಳುವಂಥದ್ದಲ್ಲ. ಯಾರು ಫೇಸ್‌ಬುಕ್ ಅನ್ನು ಯಾವ ಭಾಷೆಯಲ್ಲಿ ಬಳಸುತ್ತಾರೆ ಎಂಬುದೇ ಅಲ್ಲಿ ಮುಖ್ಯವಾಗಿ ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲಿ ಹವ್ಯಕವನ್ನೋ ತುಳುವನ್ನೋ ಆಡಿ, ಕನ್ನಡ ಪತ್ರಿಕೆ ಓದಿ, ಫೋನನ್ನು ಮಾತ್ರ ಇಂಗ್ಲಿಷಿನಲ್ಲಿ ಇಟ್ಟುಕೊಂಡವರು ನಮ್ಮ ಕಡೆ ಮನೆಮನೆಯಲ್ಲೂ ಇದ್ದಾರೆ; ‘ಕನ್ನಡ’ ಎಂದು ಆರಿಸಿದ ಕೂಡಲೇ ಅವರೆಲ್ಲ ಹೊರಗಾಗುತ್ತಾರೆ. ಆಯ್ದ ಸ್ಥಳದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯವರನ್ನು ಹುಡುಕುವುದಾದರೆ ಮಾತ್ರ ಈ ಆಯ್ಕೆಯನ್ನು ತುಂಬಿ ಎಂಬುದು ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾದ ಸೂಚನೆಯೂ ಹೌದು. ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಹಪ್ಪಳ ಕಳುಹಿಸುವ ದಿನ ಬಂದರೆ ಅದನ್ನು ಬಳಸಿ. ಇಲ್ಲಿ ಖಾಲಿ ಬಿಡಿ, ಆಯ್ಕೆಯ ಕೆಲಸವನ್ನು ಜಾಹೀರಾತಿನ ಬರಹಕ್ಕೇ ಒಪ್ಪಿಸಿ. ಚಿತ್ರದ ಮೇಲೆ ದಪ್ಪ ಅಕ್ಷರದಲ್ಲಿ ‘ಹಲಸಿನ ಹಪ್ಪಳ’ ಎಂದು, ಅದರ ಕೆಳಗೆ ಕಟ್ಟಿನ ಬೆಲೆ ಮತ್ತು ತಲುಪಿಸುವ ಊರುಗಳ ಹೆಸರು ಇದ್ದರೆ, ಓದಲಾರದವರು ತಾವಾಗಿಯೇ ಮುಂದೆ ಸಾಗುತ್ತಾರೆ.

ಆಸಕ್ತಿಗಳನ್ನು ಸೇರಿಸುವಾಗ ಬಹಳ ಮಂದಿ ಎಡವುತ್ತಾರೆ. ‘ಅಡುಗೆ’, ‘ಉಪ್ಪಿನಕಾಯಿ’, ‘ಯಕ್ಷಗಾನ’ ಎಂಬ ಮೂರನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿದರೆ ಮೂರೂ ಇರುವವರು ಸಿಗುತ್ತಾರೆಂದು ತಿಳಿಯಬಾರದು. ಅವುಗಳಲ್ಲಿ ಯಾವುದಾದರೊಂದು ಇದ್ದರೂ ಸಾಕೆಂಬುದು ಅಲ್ಲಿಯ ನಿಯಮ, ಹಾಗಾಗಿ ಹೆಸರು ಸೇರಿಸಿದಂತೆಲ್ಲ ಬಲೆ ಅಗಲವಾಗುತ್ತ ಹೋಗುತ್ತದೆ. ಎರಡೂ ಇರಲೇಬೇಕೆಂದಾದರೆ ‘ಇನ್ನಷ್ಟು ಕಿರಿದುಗೊಳಿಸು’ ಎಂಬುದನ್ನು ಒತ್ತಿ, ಎರಡನೆಯದನ್ನು ಬೇರೆ ಪೆಟ್ಟಿಗೆಯಲ್ಲಿ ಬರೆಯಬೇಕು. ಇಷ್ಟು ಸಣ್ಣ ವೃತ್ತಕ್ಕೆ ಅದರ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ.

ಇನ್ನೊಂದು ಎಚ್ಚರಿಕೆ. ನೋಡುಗರನ್ನು ಯಂತ್ರವೇ ಹುಡುಕಿಕೊಳ್ಳುವ ‘ಅಡ್ವಾಂಟೇಜ್ ಪ್ಲಸ್ ಆಡಿಯೆನ್ಸ್’ ಎಂಬ ವ್ಯವಸ್ಥೆ ಚಾಲನೆಯಲ್ಲಿದ್ದರೆ ತಾವು ಕೊಟ್ಟ ಆಸಕ್ತಿಗಳು ನಿಯಮವಾಗಿ ಉಳಿಯುವುದಿಲ್ಲ, ಬರೀ ಸಲಹೆಗಳಾಗುತ್ತವೆ. ಹೆಚ್ಚು ಫಲ ಸಿಗುವಂತೆ ಕಂಡರೆ ಯಂತ್ರ ಅವುಗಳನ್ನು ದಾಟಿ ಹೋಗುತ್ತದೆ. ಸ್ಥಳ ಮತ್ತು ಕನಿಷ್ಠ ವಯಸ್ಸಿನಂಥ ಕೆಲವು ಮಾತ್ರ ಕಟ್ಟುನಿಟ್ಟಾಗಿ ನಿಲ್ಲುತ್ತವೆ. ವೃತ್ತವನ್ನು ಜಾಗರೂಕತೆಯಿಂದ ಎಳೆಯಿರಿ ಎಂದು ಅಷ್ಟು ಉದ್ದ ಬರೆದದ್ದು ಇದಕ್ಕಾಗಿಯೇ.

ಮಂಗಳೂರಿಗೊಂದು, ಪುತ್ತೂರಿಗೊಂದು, ಕಾಸರಗೋಡಿಗೊಂದು ಎಂದು 250 ರೂಪಾಯಿಯನ್ನು ಹಂಚಬೇಡಿ. ಜಾಹೀರಾತು ಯಾರಿಗೆ ತೋರಿಸಿದರೆ ಫಲವೆಂಬುದನ್ನು ಕಲಿಯಲು ಮೆಟಾದ ವ್ಯವಸ್ಥೆಗೆ ಒಂದೊಂದು ಜಾಹೀರಾತು ಗುಂಪಿನಲ್ಲಿಯೂ (ಆಡ್ ಸೆಟ್) ವಾರಕ್ಕೆ ಸುಮಾರು 50 ಪ್ರತಿಕ್ರಿಯೆಗಳು ಬೇಕು, ಮೂರು ಪಾಲಾದ ಹಣಕ್ಕೆ ಅಷ್ಟು ದಕ್ಕುವುದು ಕಷ್ಟ. ಒಂದೇ ಗುಂಪು ಇಟ್ಟು, ಬಂದ ಆರ್ಡರ್‌ಗಳ ಪಿನ್‌ಕೋಡನ್ನು ಪುಸ್ತಕದಲ್ಲಿ ಬರೆದಿಡಿ. ಕಾಸರಗೋಡಿನ 671ರಿಂದ ಆರಂಭವಾಗುವವು ಎಷ್ಟು, ಪುತ್ತೂರು, ಮಂಗಳೂರು ಕಡೆಯ 574 ಮತ್ತು 575ರವು ಎಷ್ಟು ಎಂದು ತಿಂಗಳ ಕೊನೆಗೆ ಎಣಿಸಿದರೆ ವೃತ್ತವನ್ನು ಯಾವ ಕಡೆಗೆ ಸರಿಸಬೇಕೆಂಬುದು ತಿಳಿಯುತ್ತದೆ.

ಮುಂದೆ ಗೂಗಲ್‌ನಲ್ಲಿ ಜಾಹೀರಾತು ಕೊಡುವುದಾದರೆ ಸ್ಥಳದ ಆಯ್ಕೆಯೊಳಗೆ ಇನ್ನೊಂದು ಆಯ್ಕೆ ಅಡಗಿರುತ್ತದೆ. ತಾನಾಗಿ ಇರುವ ವ್ಯವಸ್ಥೆಯಲ್ಲಿ ಆ ಸ್ಥಳದಲ್ಲಿ ಇರುವವರ ಜೊತೆಗೆ ಅದರ ಬಗ್ಗೆ ಆಸಕ್ತಿ ತೋರಿದವರೂ ಸೇರುತ್ತಾರೆ, ಎಂದರೆ ಬೇಕಲ ಕೋಟೆ ನೋಡಲು ದೆಹಲಿಯಲ್ಲಿ ಕುಳಿತು ಹುಡುಕುತ್ತಿರುವವರಿಗೂ ತಮ್ಮ ಹಪ್ಪಳ ಕಾಣಿಸಬಹುದು. ‘ಅಲ್ಲಿ ಇರುವವರು ಮಾತ್ರ’ ಎಂಬುದಕ್ಕೆ ಬದಲಾಯಿಸಿಕೊಳ್ಳಿ.

ಪ್ರಶ್ನೆ: ನಮ್ಮ ಬಟ್ಟೆ ಅಂಗಡಿಯ ಬಿಲ್ ಪುಸ್ತಕದಲ್ಲಿ ಸುಮಾರು 400 ಗ್ರಾಹಕರ ಫೋನ್ ಸಂಖ್ಯೆಗಳಿವೆ. ಅವುಗಳನ್ನು ಜಾಹೀರಾತಿಗೆ ಬಳಸಬಹುದೇ?
(ಓದುಗರೊಬ್ಬರು, ಉಪ್ಪಳ)

ಉತ್ತರ: ತಾಂತ್ರಿಕವಾಗಿ ಸಾಧ್ಯ. ಪಟ್ಟಿಯನ್ನು ಮೆಟಾದ ಜಾಹೀರಾತು ವ್ಯವಸ್ಥೆಗೆ ಏರಿಸಿದರೆ ಅದರಲ್ಲಿರುವವರಿಗೆ ಜಾಹೀರಾತು ತೋರಿಸಬಹುದು, ಅವರನ್ನು ಹೋಲುವ ಹೊಸಬರನ್ನೂ ಹುಡುಕಬಹುದು. ಹೋಲಿಕೆಗೆ ಒಂದೇ ದೇಶದ ಕನಿಷ್ಠ 100 ಮಂದಿ ಆ ಪಟ್ಟಿಯಲ್ಲಿ ಸಿಗಬೇಕು. ಆದರೆ ಬಿಲ್ ಬರೆಸಲು ಕೊಟ್ಟ ಸಂಖ್ಯೆ ಜಾಹೀರಾತಿಗೆ ಕೊಟ್ಟದ್ದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಯಾವ ಉದ್ದೇಶಕ್ಕೆಂದು ತಿಳಿಸಿ ಒಪ್ಪಿಗೆ ಪಡೆಯುವುದನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಆದ್ದರಿಂದ ಹಳೆಯ ಗ್ರಾಹಕರನ್ನು ಒಮ್ಮೆ ಕೇಳಿ, ಒಪ್ಪಿದವರ ಸಂಖ್ಯೆಗಳನ್ನಷ್ಟೇ ಏರಿಸಿ.

ಸಂಖ್ಯೆಗಳ ಮುಂದೆ ದೇಶದ ಕೋಡ್ ಇರಬೇಕು. ಉಪ್ಪಳದ ಪಟ್ಟಿಯಲ್ಲಿ 91ರ ನಡುವೆ ಗಲ್ಫಿನ 971, 966 ಕೂಡ ಇರುತ್ತವೆ, ಎಲ್ಲಕ್ಕೂ ಕಣ್ಣು ಮುಚ್ಚಿ 91 ಸೇರಿಸಬೇಡಿ. ದುಬೈಯಲ್ಲಿರುವವರ ಹೆಸರು ಪಟ್ಟಿಯಲ್ಲಿದ್ದರೂ ಸ್ಥಳದ ನಿಯಮ ಕಾಸರಗೋಡಿಗೆ ಸೀಮಿತವಾಗಿದ್ದರೆ ಜಾಹೀರಾತು ಅವರಿಗೆ ಕಾಣಿಸದು. ಅವರು ರಜೆಯಲ್ಲಿ ಊರಿಗೆ ಬಂದಾಗ ಕಂಡೀತು.