ಬೆಳಿಗ್ಗೆ ಕೂತಿರುವ ಕಾರು: ಕಂಪ್ರೆಸರ್ ಬದಲಿಸುವ ಮೊದಲು ಸೋರಿಕೆ ಹುಡುಕಿ

ಪ್ರಶ್ನೆ: ಸರ್, ನಮ್ಮದು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ 2011ರ ಎಸ್‌ಯುವಿ. ನಾಲ್ಕೂ ಚಕ್ರಕ್ಕೆ ಏರ್ ಸಸ್ಪೆನ್ಷನ್ ಇದೆ. ಎರಡು ತಿಂಗಳಿಂದ ಬೆಳಿಗ್ಗೆ ನೋಡಿದರೆ ಮುಂದಿನ ಎಡ ಮೂಲೆ ಕೂತಿರುತ್ತದೆ. ಸ್ಟಾರ್ಟ್ ಮಾಡಿದರೆ ಕಂಪ್ರೆಸರ್ ತುಂಬಾ ಹೊತ್ತು ಗುರ್ ಎಂದು ಓಡಿ, ಆಮೇಲೆ ಕಾರು ಏಳುತ್ತಿತ್ತು. ಕಳೆದ ವಾರದಿಂದ ಸದ್ದು ಬರುತ್ತದೆ, ಕಾರು ಏಳುವುದೇ ಇಲ್ಲ. ಗ್ಯಾರೇಜಿನವರು ಕಂಪ್ರೆಸರ್ ಹೋಗಿದೆ, ಹೊಸದು ಹಾಕಬೇಕು ಎನ್ನುತ್ತಾರೆ. ಬ್ರೇಕ್ ಪ್ಯಾಡ್, ಆಯಿಲ್ ಎಲ್ಲ ನಾನೇ ಬದಲಿಸುತ್ತೇನೆ. ಇದನ್ನೂ ಮನೆಯಲ್ಲೇ ಮಾಡಬಹುದಾ?
(ಮೈಸೂರಿನ ಓದುಗರು)

ಉತ್ತರ: ಮಾಡಬಹುದು. ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರಿಗೆ ಕಂಪ್ರೆಸರ್ ಬಿಚ್ಚಿ ಹಾಕುವುದು ಅರ್ಧ ದಿನದ ಕೆಲಸ. ಆದರೆ ಕಂಪ್ರೆಸರ್ ಈಗಲೇ ತರಿಸಬೇಡಿ. ನೀವು ಬರೆದಿರುವುದರಲ್ಲಿ ಮುಖ್ಯವಾದ ಮಾತು ಕಳೆದ ವಾರದ್ದಲ್ಲ, ಎರಡು ತಿಂಗಳ ಹಿಂದಿನದು. ಕಂಪ್ರೆಸರ್ ಎಷ್ಟೇ ಕೆಟ್ಟರೂ ನಿಂತ ಕಾರಿನ ಒಂದೇ ಒಂದು ಮೂಲೆಯನ್ನು ಕೂರಿಸಲು ಅದಕ್ಕೆ ಆಗುವುದಿಲ್ಲ. ಆ ಮೂಲೆಯಲ್ಲಿ ಗಾಳಿ ಸೋರುತ್ತಿದೆ. ಸೋರಿದ್ದನ್ನು ತುಂಬಿ ತುಂಬಿ ಕಂಪ್ರೆಸರ್ ಸವೆದಿದೆ.

ನಾನೂ ಒಮ್ಮೆ ಈ ತಪ್ಪು ಮಾಡಿದ್ದೇನೆ. ಒಬ್ಬರ ಕಾರಿಗೆ ಹೊಸ ಕಂಪ್ರೆಸರ್ ಹಾಕಿ, ಕಾರು ಎದ್ದು ನಿಂತಿತು ಎಂದು ಖುಷಿಯಿಂದ ಕೀ ಕೊಟ್ಟು ಕಳಿಸಿದ್ದೆ. ಸೋರಿಕೆ ನೋಡಿರಲಿಲ್ಲ. ಏಳೇ ತಿಂಗಳಿಗೆ ಅವರು ವಾಪಸ್ ಬಂದರು, ಹೊಸ ಕಂಪ್ರೆಸರ್ ಸುಟ್ಟುಹೋಗಿತ್ತು. ಆಗ ಅವರ ಮುಖದಲ್ಲಿದ್ದ ಬೇಸರ ನನಗೆ ಇವತ್ತಿಗೂ ನೆನಪಿದೆ. ಆವತ್ತಿನಿಂದ ಸೋರಿಕೆ ಹುಡುಕದೆ ಕಂಪ್ರೆಸರ್ ಮುಟ್ಟುವುದಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ಒಮ್ಮೆ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಬೆಂಗಳೂರಿನಲ್ಲಿ ವೋಲ್ವೊ ಸಿಟಿ ಬಸ್ ಸ್ಟಾಪಿನಲ್ಲಿ ನಿಂತಾಗ ಬುಸ್ ಎಂದು ಒಂದು ಪಕ್ಕಕ್ಕೆ ಬಾಗುವುದನ್ನು ನೋಡಿರುತ್ತೀರಿ. ನಿಮ್ಮ ಕಾರಿನಲ್ಲಿರುವುದೂ ಅದೇ ತತ್ವ. ಸ್ಪ್ರಿಂಗ್ ಬದಲು ರಬ್ಬರ್ ಬೆಲ್ಲೋ, ಅಂದರೆ ಮಡಚುವ ರಬ್ಬರ್ ಚೀಲ, ಅದರೊಳಗೆ ಕಂಪ್ರೆಸರ್ ತುಂಬಿದ ಗಾಳಿ. ಆದರೆ ಬಸ್ಸಿನ ಕಂಪ್ರೆಸರನ್ನು ಎಂಜಿನ್ನೇ ತಿರುಗಿಸುತ್ತದೆ, ದಿನವಿಡೀ ಓಡಿದರೂ ತಡೆಯುತ್ತದೆ. ಕಾರಿನಲ್ಲಿರುವುದು 12 ವೋಲ್ಟಿನ ಸಣ್ಣ ಮೋಟಾರು, ಒಂದೇ ಪಿಸ್ಟನ್. ಅರ್ಧ ನಿಮಿಷ, ಒಂದು ನಿಮಿಷ ಓಡಿ ತಣ್ಣಗಾಗಲಿ ಎಂದೇ ಅದನ್ನು ಮಾಡಿರುತ್ತಾರೆ. ಟೈರಿಗೆ ನಾವು ಹಾಕುವುದು 2.2ರಿಂದ 2.5 ಬಾರ್ ಒತ್ತಡ. ಈ ಪುಟ್ಟ ಪಿಸ್ಟನ್ 10 ಬಾರ್ ದಾಟಿ ಒತ್ತಬೇಕು. ಜಾಸ್ತಿ ಹೊತ್ತು ಓಡಿದರೆ ಕಾದು ಕೆಂಡವಾಗುತ್ತದೆ, ಪಿಸ್ಟನ್ ರಿಂಗ್ ಸವೆಯುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಕಂಪ್ರೆಸರ್ ಪಕ್ಕದಲ್ಲೇ ಒಂದು ಡ್ರೈಯರ್ ಡಬ್ಬಿ ಇರುತ್ತದೆ. ಅದರ ತುಂಬ ತೇವ ಹೀರುವ ಸಣ್ಣ ಮಣಿಗಳು. ಹೊರಗಿನ ಗಾಳಿ ಈ ಮಣಿಗಳ ಮೂಲಕ ಹಾದು, ಒಣಗಿ ಬೆಲ್ಲೋ ಸೇರುತ್ತದೆ. ಕಾರನ್ನು ತಗ್ಗಿಸಿದಾಗ ಅದೇ ಒಣ ಗಾಳಿ ಮಣಿಗಳ ಮೂಲಕವೇ ವಾಪಸ್ ಬಂದು, ಅವುಗಳ ತೇವವನ್ನು ಹೊತ್ತುಕೊಂಡು ಹೊರಗೆ ಹೋಗುತ್ತದೆ. ಹೀಗೆ ಮಣಿಗಳು ತಾವಾಗಿಯೇ ಒಣಗುತ್ತಿರುತ್ತವೆ. ಬೆಲ್ಲೋ ತೂತಾಗಿದ್ದರೆ? ಗಾಳಿ ಅಲ್ಲೇ ಹೊರಗೆ ಹೋಯಿತು, ಡ್ರೈಯರ್ ಕಡೆಗೆ ಬರಲೇ ಇಲ್ಲ. ಮಣಿಗಳು ತೇವ ಹೀರುತ್ತಲೇ ಹೋಗುತ್ತವೆ, ಒಣಗುವುದಿಲ್ಲ. ಕೊನೆಗೆ ನೀರು, ಪ್ರತಿ ಮೂಲೆಗೆ ಗಾಳಿ ಹಂಚುವ ವಾಲ್ವ್ ಬ್ಲಾಕಿನವರೆಗೂ ಹೋಗಿ ಅಲ್ಲಿ ತುಕ್ಕು ಹಿಡಿಸುತ್ತದೆ. ರಬ್ಬರಿನ ಒಂದು ಸಣ್ಣ ಬಿರುಕಿನಿಂದ ಇಷ್ಟೆಲ್ಲ ಆಗುತ್ತದೆ.

ಹಾಗಾಗಿ ಮೊದಲ ಸಲಕರಣೆ ಅಳತೆ ಟೇಪು. ಈಗ ನಿಮ್ಮ ಕಾರು ತಾನಾಗಿ ಏಳುತ್ತಿಲ್ಲವಾದ್ದರಿಂದ ಇನ್ನೂ ಗಾಳಿ ಉಳಿದಿರುವ ಮೂಲೆಗಳನ್ನಾದರೂ ಅಳೆಯಿರಿ. ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ಬೆಳಿಗ್ಗೆ ಮತ್ತೆ ಅಳೆಯಿರಿ. ಬಾಗಿಲು ತೆಗೆಯುವ ಮೊದಲೇ ಅಳೆಯಬೇಕು, ಏಕೆಂದರೆ ಕೆಲವು ಕಾರುಗಳಲ್ಲಿ ಬಾಗಿಲು ತೆಗೆದ ತಕ್ಷಣ ಕಂಟ್ರೋಲ್ ಯೂನಿಟ್ ಎಚ್ಚರಗೊಂಡು ಎತ್ತರ ಸರಿಮಾಡಲು ಹೊರಡುತ್ತದೆ. ಒಂದೇ ಮೂಲೆ ಇಳಿದಿದ್ದರೆ ಆ ಬೆಲ್ಲೋ, ಅದರ ಪೈಪು ಅಥವಾ ವಾಲ್ವ್ ಬ್ಲಾಕಿನಲ್ಲಿ ಆ ಮೂಲೆಯ ವಾಲ್ವ್ ಸೋರುತ್ತಿದೆ. ಬೇರೆ ಬೇರೆ ದಿನ ಬೇರೆ ಬೇರೆ ಮೂಲೆ ಇಳಿಯುತ್ತಿದ್ದರೆ ವಾಲ್ವ್ ಬ್ಲಾಕ್ ಮೇಲೆಯೇ ಅನುಮಾನ ಇಡಿ.

ಆಮೇಲೆ ಸೋಪಿನ ನೀರು. ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ನೀರಿಗೆ ಬೆರೆಸಿ ಸ್ಪ್ರೇ ಬಾಟಲಿಗೆ ಹಾಕಿಕೊಳ್ಳಿ. ಬೆಲ್ಲೋ ಒಳಗೆ ಗಾಳಿ ಇರುವಾಗ ಮಾಡಿದರೆ ಮಾತ್ರ ಸೋರುವ ಜಾಗದಲ್ಲಿ ಗುಳ್ಳೆ ಬರುತ್ತದೆ. ನಿಮ್ಮ ಎಡ ಮೂಲೆ ಪೂರ್ತಿ ಖಾಲಿಯಾಗಿದ್ದರೆ ಈ ಪರೀಕ್ಷೆಯನ್ನು ಹೊಸ ಕಂಪ್ರೆಸರ್ ಕೂರಿಸಿದ ಮೇಲೆ ಮಾಡಿ, ಆದರೆ ಅದೇ ದಿನ ಮಾಡಿ. ಮೇಲ್ಗಡೆ ಪೈಪು ಸೇರುವ ಜಾಗ, ಕೆಳಗಡೆ ರಬ್ಬರ್ ಮಡಚಿ ಒಳಗೆ ಹೋಗುವ ಸುತ್ತು, ಎರಡಕ್ಕೂ ಹೊಡೆಯಿರಿ. ಹಳೆಯ ಕಾರುಗಳಲ್ಲಿ ಬಿರುಕು ಬಿಡುವುದು ಹೆಚ್ಚಾಗಿ ಈ ಮಡಿಕೆಯಲ್ಲಿ. ಕಾರು ತಗ್ಗಿದ್ದಾಗ ಬಿರುಕು ರಬ್ಬರಿನ ಸುತ್ತಿನೊಳಗೆ ಅಡಗಿರುತ್ತದೆ, ಎತ್ತಿದಾಗ ಹೊರಗೆ ಬರುತ್ತದೆ. ಹಾಗಾಗಿ ಎರಡೂ ಎತ್ತರದಲ್ಲಿ ನೋಡಿ. ಇಲಿ ಕಡಿದ ಪೈಪುಗಳನ್ನೂ ನಾನು ಸಾಕಷ್ಟು ನೋಡಿದ್ದೇನೆ. ಅದಾದರೆ ನಿಮ್ಮ ಅದೃಷ್ಟ, ಒಂದು ತುಂಡು ಪೈಪು ಮತ್ತು ಜಾಯಿಂಟಿನಲ್ಲಿ ಕೆಲಸ ಮುಗಿಯಿತು.

ಇನ್ನು ಕಂಪ್ರೆಸರ್. ಅದು ನಿಜವಾಗಿ ಸತ್ತಿದೆಯಾ ಎಂದು ತಿಳಿಯಲು ಮೊದಲು ಫ್ಯೂಸ್ ನೋಡಿ, ಬಹಳ ಕಾರುಗಳಲ್ಲಿ 40 ಆಂಪಿಯರಿನದು. ನಂತರ ರಿಲೇ, ಅಂದರೆ ಕಂಪ್ರೆಸರಿಗೆ ಕರೆಂಟ್ ಕೊಟ್ಟು ನಿಲ್ಲಿಸುವ ಸ್ವಿಚ್ಚು. ಸದ್ದೇ ಬಾರದಿದ್ದರೆ, ಕಾರನ್ನು ಎತ್ತುವ ಬಟನ್ ಒತ್ತಿ, ಕಂಪ್ರೆಸರಿನ ಪ್ಲಗ್ಗಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. 12 ವೋಲ್ಟ್ ಬಂದೂ ಮೋಟಾರು ತಿರುಗದಿದ್ದರೆ ಮೋಟಾರು ಹೋಗಿದೆ. ನಿಮ್ಮದರಲ್ಲಿ ಸದ್ದು ಇದೆ, ಎತ್ತುವ ಶಕ್ತಿ ಇಲ್ಲ. ಅಂದರೆ ಪಿಸ್ಟನ್ ರಿಂಗ್ ಸವೆದಿರಬೇಕು, ಇಲ್ಲವೇ ಗಾಳಿ ಹೊರಬಿಡುವ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬೇಕು. ಕಂಪ್ರೆಸರ್ ಓಡುವಾಗ, ಆ ವಾಲ್ವಿನಿಂದ ಗಾಳಿ ಹೊರಗೆ ಹೋಗುವ ಕೊಳವೆಯ ಹತ್ತಿರ ಕೈ ಹಿಡಿದು ನೋಡಿ. ಅಲ್ಲಿಂದ ಗಾಳಿ ನುಗ್ಗುತ್ತಿದ್ದರೆ ವಾಲ್ವಿನ ತಪ್ಪು. ಗಾಳಿ ಇಲ್ಲದೆ ಬರೀ ಸದ್ದಿದ್ದರೆ ರಿಂಗ್.

ಬಿಚ್ಚುವ ಮೊದಲು, ಮೇಲೆ ಹೇಳಿದ ಪರೀಕ್ಷೆಗಳಿಗೂ ಮೊದಲು, ಒಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ. ಏರ್ ಸಸ್ಪೆನ್ಷನ್ ಕಾರಿನ ಅಡಿಗೆ, ಅದು ತನ್ನ ಗಾಳಿಯ ಮೇಲೆ ನಿಂತಿರುವಾಗ, ತಲೆ ಹಾಕಬೇಡಿ. ಕೈಯನ್ನೂ ಹಾಕಬೇಡಿ. ಎರಡು ಟನ್ನಿನ ಗಾಡಿ ಒಂದು ವಾಲ್ವ್ ತೆರೆದರೆ ಕ್ಷಣದಲ್ಲಿ ಇಳಿಯುತ್ತದೆ, ತಪ್ಪಿಸಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಜಾಕ್ ಒಂದನ್ನೇ ನಂಬಬೇಡಿ. ಕಂಪನಿ ಹೇಳಿದ ಜಾಗಕ್ಕೆ ಗಟ್ಟಿ ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಕಲ್ಲು, ಮರದ ತುಂಡು ಬೇಡವೇ ಬೇಡ. ಜಾಕ್ ಮೋಡ್ (ಜಾಕ್ ಹಾಕಿದಾಗ ಕಾರು ತಾನಾಗಿ ಎತ್ತರ ಸರಿಮಾಡದಂತೆ ತಡೆಯುವ ಸೆಟ್ಟಿಂಗ್) ಇರುವ ಕಾರಾದರೆ ಅದನ್ನು ಆನ್ ಮಾಡಿ. ಕೀಯನ್ನು ಮನೆಯೊಳಗೆ ಇಟ್ಟು ಬನ್ನಿ, ಬ್ಯಾಟರಿ ನೆಗೆಟಿವ್ ತೆಗೆಯಿರಿ. ನೀವು ಕೆಳಗಿರುವಾಗ ಮಕ್ಕಳು ಬಂದು ಬಾಗಿಲು ತೆಗೆದರೂ ಏನೂ ಓಡಬಾರದು.

ಕಂಪ್ರೆಸರ್ ಇರುವ ಜಾಗ ಕಾರಿನಿಂದ ಕಾರಿಗೆ ಬೇರೆ. ಹಲವು ಮರ್ಸಿಡಿಸ್ ಮಾದರಿಗಳಲ್ಲಿ ಮುಂದಿನ ಬಲ ಚಕ್ರದ ಎದುರಿಗಿರುವ ಪ್ಲಾಸ್ಟಿಕ್ ಲೈನರ್ ಬಿಚ್ಚಿದರೆ ಸಿಗುತ್ತದೆ. ಲ್ಯಾಂಡ್ ರೋವರ್ ಡಿಸ್ಕವರಿ 3 ಮತ್ತು 4ರಲ್ಲಿ ಕಾರಿನ ಅಡಿಯಲ್ಲಿ, ಎಡಬದಿಯ ಷಾಸಿ ಪಕ್ಕ, ಒಂದು ಕವರ್ ಒಳಗೆ ಇರುತ್ತದೆ. ಸಿಕ್ಕ ಮೇಲೆ ಕೆಲಸ ಸರಳ. ವೈರಿನ ಪ್ಲಗ್ ತೆಗೆಯಿರಿ. ಗಾಳಿ ಪೈಪಿನ ನಟ್ಟನ್ನು ಕಾಲು ಸುತ್ತು ಮಾತ್ರ ಸಡಿಲಿಸಿ ನಿಲ್ಲಿಸಿ, ಒಳಗೆ ಉಳಿದ ಗಾಳಿ ಸುಯ್ ಎಂದು ಪೂರ್ತಿ ಹೋಗಲಿ. ಕಣ್ಣಿಗೆ ಕನ್ನಡಕ ಇರಲಿ. ಪೈಪು ಹೊರಬಂದ ತಕ್ಷಣ ಅದರ ಬಾಯಿಗೆ ಅಂಟು ಟೇಪು ಸುತ್ತಿ, ಒಂದು ಮರಳ ಕಣ ಒಳಗೆ ಹೋದರೂ ವಾಲ್ವ್ ಬ್ಲಾಕ್ ಕೆಡುತ್ತದೆ. ಉಳಿದಿದ್ದು ರಬ್ಬರ್ ಬುಶ್ ಮೇಲೆ ಕೂತ ಬೋಲ್ಟುಗಳು, ಸಾಮಾನ್ಯವಾಗಿ ಮೂರು. ಆ ಬುಶ್‌ಗಳನ್ನು ಹೊಸದಾಗಿಯೇ ಹಾಕಿ. ಹಳೆಯದು ಗಟ್ಟಿಯಾಗಿದ್ದರೆ ಕಂಪ್ರೆಸರಿನ ಅದುರು ಪೂರ್ತಿ ಸೀಟಿಗೆ ಬರುತ್ತದೆ.

ಹೊಸದು ಹಾಕುವುದೋ, ಇದನ್ನೇ ರಿಪೇರಿ ಮಾಡುವುದೋ? ಮೋಟಾರು ಚೆನ್ನಾಗಿ ತಿರುಗುತ್ತಿದ್ದರೆ ರಿಪೇರಿ ಕಿಟ್ಟಿಗೆ ಒಮ್ಮೆ ಅವಕಾಶ ಕೊಡಿ ಎನ್ನುತ್ತೇನೆ. ಕಿಟ್ಟಿನಲ್ಲಿ ಪಿಸ್ಟನ್ ರಿಂಗ್, ಗಾಳಿ ಸೋರದಂತೆ ತಡೆಯುವ ರಬ್ಬರ್ ಓ-ರಿಂಗುಗಳು, ಕೆಲವದರಲ್ಲಿ ಪಿಸ್ಟನ್ ಓಡಾಡುವ ಸಿಲಿಂಡರ್ ಸ್ಲೀವ್ ಕೂಡ ಬರುತ್ತದೆ. ಹೆಡ್ ಬಿಚ್ಚಿ ಸಿಲಿಂಡರಿನೊಳಗೆ ಉಗುರು ಆಡಿಸಿ. ಗೀರು ಉಗುರಿಗೆ ಸಿಕ್ಕಿದರೆ ಬರೀ ರಿಂಗ್ ಹಾಕಿ ಪ್ರಯೋಜನವಿಲ್ಲ, ಸ್ಲೀವ್ ಕೂಡ ಬದಲಿಸಬೇಕು. ನುಣ್ಣಗಿದ್ದರೆ ಕಪ್ಪು ಪುಡಿ ಒರೆಸಿ ಹೊಸ ರಿಂಗ್ ಕೂರಿಸಿ. ಇಲ್ಲಿ ನಮ್ಮ ಕೈ ತಾನಾಗಿ ಎಣ್ಣೆ ಡಬ್ಬಿಯ ಕಡೆ ಹೋಗುತ್ತದೆ. ಬೇಡ. ಈ ರಿಂಗ್ ಒಣಗಿಯೇ ಓಡುವಂಥದ್ದು. ಎಣ್ಣೆ, ಗ್ರೀಸ್ ಹಾಕಿದರೆ ಅದು ಗಾಳಿಯ ಜೊತೆ ಹೋಗಿ ಡ್ರೈಯರ್ ಮಣಿಗಳನ್ನು ಹಾಳುಮಾಡುತ್ತದೆ. ಓ-ರಿಂಗುಗಳಿಗೆ ಮಾತ್ರ ಸಿಲಿಕೋನ್ ಗ್ರೀಸ್, ಬೆರಳಿಗೆ ಅಂಟಿದಷ್ಟು ಸಾಕು. ಮೋಟಾರಿನಿಂದ ಸುಟ್ಟ ವಾಸನೆ ಬರುತ್ತಿದ್ದರೆ ಅಥವಾ ಸದ್ದು ಕರಕರ ಎನ್ನುತ್ತಿದ್ದರೆ ಸುಮ್ನೆ ಕಿಟ್ಟಿಗೆ ದುಡ್ಡು ಹಾಕಬೇಡಿ, ಹೊಸ ಯೂನಿಟ್ಟೇ ಹಾಕಿ. ಡಿಸ್ಕವರಿಯಂಥ ಕಾರಿನಲ್ಲಿ ಹಳೆಯ ಹಿಟಾಚಿ ಕಂಪ್ರೆಸರ್ ತೆಗೆದು ಎಎಂಕೆ ಕಂಪನಿಯದು ಹಾಕುವುದಾದರೆ ಸಾಫ್ಟ್‌ವೇರ್ ಕೂಡ ಅಪ್‌ಡೇಟ್ ಆಗಬೇಕು. ಆರ್ಡರ್ ಮಾಡುವ ಮೊದಲೇ ಅದನ್ನು ವಿಚಾರಿಸಿಕೊಳ್ಳಿ.

ಯಾವ ದಾರಿ ಹಿಡಿದರೂ ರಿಲೇ ಮಾತ್ರ ಹೊಸದೇ ಇರಲಿ. ಜಾಸ್ತಿ ಓಡಿದ ಕಂಪ್ರೆಸರಿನ ರಿಲೇ ಒಳಗೆ ಪಾಯಿಂಟುಗಳು ಸುಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಕೀ ತೆಗೆದರೂ ಕಂಪ್ರೆಸರ್ ನಿಲ್ಲುವುದಿಲ್ಲ. ಒಂದು ರಾತ್ರಿಯಲ್ಲಿ ಬ್ಯಾಟರಿಯೂ ಖಾಲಿ, ನೀವು ಹಾಕಿದ ಹೊಸ ಕಂಪ್ರೆಸರೂ ಹೋಯಿತು. ಕಂಪ್ರೆಸರಿನ ಬೆಲೆಯ ಮುಂದೆ ರಿಲೇಯ ಬೆಲೆ ಏನೂ ಅಲ್ಲ.

ಪೈಪನ್ನು ವಾಪಸ್ ಜೋಡಿಸುವಾಗ ತುದಿ ಜಜ್ಜಿದ್ದರೆ ಹರಿತ ಬ್ಲೇಡಿನಿಂದ ನೇರವಾಗಿ ಸ್ವಲ್ಪ ಕತ್ತರಿಸಿ. ಕಟಿಂಗ್ ಪ್ಲೈಯರ್ ಬೇಡ, ಅದು ಪೈಪನ್ನು ಚಪ್ಪಟೆ ಮಾಡುತ್ತದೆ. ಎಲ್ಲ ಸೇರಿಸಿದ ಮೇಲೆ ಕಾರನ್ನು ಪೂರ್ತಿ ಕೆಳಗಿಳಿಸುವ ಅವಸರ ಬೇಡ. ಖಾಲಿ ಬೆಲ್ಲೋ ಮೇಲೆ ಕಾರಿನ ಭಾರ ಕೂತರೆ ರಬ್ಬರ್ ತಪ್ಪಾಗಿ ಮಡಚಿ ಹರಿಯಬಹುದು. ಸ್ಟ್ಯಾಂಡ್ ಮೇಲಿರುವಾಗಲೇ, ಕೆಳಗೆ ಯಾರೂ ಇಲ್ಲ ಎಂದು ನೋಡಿಕೊಂಡು, ಬ್ಯಾಟರಿ ಜೋಡಿಸಿ ಎಂಜಿನ್ ಸ್ಟಾರ್ಟ್ ಮಾಡಿ, ಬೆಲ್ಲೋಗಳಿಗೆ ಒಂದಿಷ್ಟು ಗಾಳಿ ತುಂಬಲಿ. ಆಮೇಲೆ ನಿಧಾನವಾಗಿ ಇಳಿಸಿ. ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡ ಹಳೆಯ ಫಾಲ್ಟ್ ಕೋಡ್ ಅಳಿಸುವವರೆಗೆ ಕೆಲವು ಕಾರುಗಳು ಕಂಪ್ರೆಸರ್ ಓಡಿಸಲು ಒಪ್ಪುವುದೇ ಇಲ್ಲ, ಅದಕ್ಕೆ ಸ್ಕ್ಯಾನರ್ ಬೇಕು. ನಡುವೆ ಕಂಪ್ರೆಸರ್ ನಿಂತುಬಿಟ್ಟರೆ ಗಾಬರಿಯಾಗಬೇಡಿ. ಬಿಸಿಯಾದಾಗ ಅದನ್ನು ನಿಲ್ಲಿಸುವ ವ್ಯವಸ್ಥೆ ಇರುತ್ತದೆ. ತಣ್ಣಗಾಗಲು ಹತ್ತಿಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಎದ್ದು ನಿಂತ ಮೇಲೆ ಮತ್ತೊಮ್ಮೆ ಸೋಪಿನ ನೀರು, ಮತ್ತೊಂದು ರಾತ್ರಿ ಟೇಪು. ಎಡ ಮೂಲೆ ಮತ್ತೆ ಇಳಿದರೆ ಆ ಬೆಲ್ಲೋ ಬದಲಿಸುವವರೆಗೆ ಕಾರು ಓಡಿಸಬೇಡಿ.

ಪ್ರಶ್ನೆ: ಡ್ರೈಯರ್ ಒಳಗಿನ ಮಣಿಗಳನ್ನು ಮನೆಯ ಓವನ್‌ನಲ್ಲಿ ಒಣಗಿಸಿ ಮತ್ತೆ ಹಾಕಬಹುದು ಎಂದು ಸ್ನೇಹಿತರು ಹೇಳಿದರು. ನಮ್ಮಲ್ಲಿ ಮಳೆಗಾಲ ಎಂದರೆ ಗೋಡೆಯೂ ಒದ್ದೆ. ಮಾಡಬಹುದಾ?
(ಮಂಗಳೂರಿನ ಓದುಗರು)

ಉತ್ತರ: ಮಣಿ ಯಾವುದು ಎಂಬುದರ ಮೇಲೆ ಹೋಗುತ್ತದೆ. ಸಾದಾ ಸಿಲಿಕಾ ಜೆಲ್ ಆದರೆ 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲವು ಗಂಟೆ ಇಟ್ಟರೆ ಒಣಗುತ್ತದೆ. ಆದರೆ ಬಹಳ ಡ್ರೈಯರುಗಳಲ್ಲಿ ಮಾಲಿಕ್ಯುಲರ್ ಸೀವ್ ಎಂಬ ಬೇರೆ ಜಾತಿಯ ಮಣಿ ಇರುತ್ತದೆ. ಅದು ಒಣಗಲು 200 ಡಿಗ್ರಿಗಿಂತ ತುಂಬಾ ಮೇಲಿನ ಬಿಸಿ ಬೇಕು, ಮನೆಯ ಓವನ್‌ಗೆ ಅದು ಆಗದ ಕೆಲಸ. ಬಣ್ಣ ಬದಲಿಸುವ ನೀಲಿ ಸಿಲಿಕಾ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಅನ್ನ ಮಾಡುವ ಮನೆಗೆ ಅದನ್ನು ತರಲೇಬೇಡಿ. ನನ್ನ ಸಲಹೆ, ಹೊಸ ಮಣಿ ಹಾಕಿ. ಡಬ್ಬಿ ಬಿಚ್ಚಿದಾಗ ಮಣಿಗಳು ಪುಡಿಯಾಗಿ ಬಿಳಿ ಹಿಟ್ಟು ಕಂಡರೆ ಪೈಪು ಮತ್ತು ವಾಲ್ವ್ ಬ್ಲಾಕನ್ನೂ ನೋಡಿಸಿ. ಕರಾವಳಿಯಲ್ಲಿ ಗಾಳಿ ಒಳಗೆಳೆಯುವ ಫಿಲ್ಟರ್ ಕೂಡ ಬೇಗ ಒದ್ದೆಯಾಗಿ ಕಟ್ಟಿಕೊಳ್ಳುತ್ತದೆ, ಮಳೆಗಾಲ ಮುಗಿದ ಮೇಲೆ ಅದನ್ನೊಮ್ಮೆ ತೆಗೆದು ನೋಡಿ.

ಪ್ರಶ್ನೆ: ಗುಜರಿಯಲ್ಲಿ ನನ್ನ ಏರ್ ಸಸ್ಪೆನ್ಷನ್ ಕಾರಿನದೇ ಮಾದರಿಯ ಕಂಪ್ರೆಸರ್ ಕಾಲು ಬೆಲೆಗೆ ಸಿಗುತ್ತಿದೆ. ತರಬಹುದಾ? ಅಥವಾ ಏರ್ ತೆಗೆದು ಕಾಯಿಲ್ ಸ್ಪ್ರಿಂಗೇ ಹಾಕಿಬಿಡಲಾ?
(ಬೆಳಗಾವಿಯ ಓದುಗರು)

ಉತ್ತರ: ಗುಜರಿಯ ಕಂಪ್ರೆಸರ್ ಬೇಡ. ಆ ಕಾರಿನ ಬೆಲ್ಲೋ ಸೋರುತ್ತಿತ್ತೋ, ಅದು ಎಷ್ಟು ಓಡಿ ದಣಿದಿದೆಯೋ ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಬ್ಯಾಟರಿ ಕೊಟ್ಟು ತಿರುಗಿಸಿ ತೋರಿಸುತ್ತಾರೆ, ಆದರೆ ನಿಮ್ಮ ಪ್ರಶ್ನೆ ಅದು ತಿರುಗುತ್ತದಾ ಎಂಬುದಲ್ಲ, ಒತ್ತಡ ಕಟ್ಟುತ್ತದಾ ಎಂಬುದು. ಬ್ರಾಕೆಟ್, ಕವರ್, ವೈರಿನ ಪ್ಲಗ್ ಇವನ್ನು ಬೇಕಾದರೆ ಗುಜರಿಯಿಂದ ತನ್ನಿ.

ಕಾಯಿಲ್ ಹಾಕುವ ಕಿಟ್ ಕೆಲವು ಕಾರುಗಳಿಗೆ ಸಿಗುತ್ತದೆ. ಹಾಕಿದರೆ ಭಾರ ಹೇರಿದಾಗಲೂ ಕಾರು ಒಂದೇ ಎತ್ತರದಲ್ಲಿ ನಿಲ್ಲುವ ಗುಣ ಹೋಗುತ್ತದೆ, ಏರಿಸಿ ಇಳಿಸುವುದೂ ಇಲ್ಲ. ವಾರ್ನಿಂಗ್ ಲೈಟ್ ಆರಿಸಲು ಬೇರೆ ಏರ್ಪಾಡು ಮಾಡಬೇಕು. ಕಾರನ್ನು ಇನ್ನೂ ಹಲವು ವರ್ಷ ಇಟ್ಟುಕೊಳ್ಳುವುದಾದರೆ ಬೆಲ್ಲೋ ಸರಿಮಾಡಿಸಿ ಏರ್‌ನಲ್ಲೇ ಮುಂದುವರಿಯಿರಿ. ನಾಲ್ಕೂ ಬೆಲ್ಲೋ ಒಟ್ಟಿಗೆ ಹೋಗಿ, ಕಾರಿನ ಬೆಲೆಯೇ ರಿಪೇರಿಗಿಂತ ಕಡಿಮೆ ಆಗಿದ್ದರೆ ಮಾತ್ರ ಕಾಯಿಲ್ ಯೋಚನೆ ಮಾಡಿ. ಆಗಲೂ ನಿಮ್ಮ ಮಾದರಿಗೆಂದೇ ಮಾಡಿದ ಕಿಟ್ ಇರಲಿ. ಬೇರೆ ಕಾರಿನ ಸ್ಪ್ರಿಂಗ್ ತಂದು ಕತ್ತರಿಸಿ ಕೂರಿಸುವ ಕೆಲಸಕ್ಕೆ ಯಾರಿಗೂ ಕಾರು ಕೊಡಬೇಡಿ, ಬ್ರೇಕ್ ಹಾಕಿದಾಗ ಗಾಡಿ ಯಾವ ಕಡೆ ಎಳೆಯುತ್ತದೆ ಎಂದು ಹೇಳಲು ಬರುವುದಿಲ್ಲ.