ಕೋಲಾ ಬಿಡೋಕೆ ಯಾಕೆ ಕಷ್ಟ? ಓದುಗರ ಪ್ರಶ್ನೆಗೆ ಆಹಾರ ತಜ್ಞರ ಉತ್ತರ

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಬೇಸಿಗೆ ಬಂತೆಂದರೆ ದಿನಕ್ಕೆ ಅರ್ಧ ಲೀಟರ್ ಕೋಲಾ ಬೇಕೇ ಬೇಕು. ಬೈದರೆ ಅಂಗಡಿಗೆ ಹೋಗಿ ಕುಡಿದು ಬರುತ್ತಾನೆ. ಬಿರಿಯಾನಿ ಮಾಡಿದ ದಿನ ನಮ್ಮ ಮನೆಯವರೂ ದೊಡ್ಡ ಬಾಟಲಿ ತರುತ್ತಾರೆ. ಕೋಲಾ ಕುಡಿದರೆ ಉಂಡದ್ದು ಕರಗುತ್ತದೆ ಅನ್ನುತ್ತಾರೆ. ನಿಜವೇ? ಅದರಲ್ಲಿ ಅಂಥದ್ದೇನಿದೆ?
– ಒಬ್ಬ ತಾಯಿ, ಆಳಂದ

ಉತ್ತರ: ತಾಯಿ, ಮೊದಲು ಮಗನನ್ನು ಬೈಯುವುದು ಬಿಡಿ. ನಮ್ಮ ಕಲಬುರಗಿ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಆ ಬಿಸಿಲಲ್ಲಿ ಶಾಲೆ ಹುಡುಗನೊಬ್ಬ ತಣ್ಣಗಿನ ಬಾಟಲಿಗೆ ಕೈ ಹಾಕಿದರೆ ಅದು ಅವನ ಕೆಟ್ಟ ಬುದ್ಧಿಯಲ್ಲ. ಆ ರುಚಿಯನ್ನು ಕಟ್ಟಿರುವ ರೀತಿಯೇ ಹಾಗಿದೆ.

ಹೇಗೆ ಅಂತ ಮನೆಯಲ್ಲೇ ನೋಡಬಹುದು. ಒಂದು ಲೋಟ ಕೋಲಾ ಮುಚ್ಚಿಡದೆ ರಾತ್ರಿಯಿಡೀ ಹೊರಗೆ ಇಡಿ. ಬೆಳಿಗ್ಗೆ ಮಗನಿಗೆ ಒಂದು ಗುಟುಕು ಕುಡಿಯಲು ಹೇಳಿ. ಗ್ಯಾಸ್ ಹೋಗಿರುತ್ತದೆ, ತಂಪೂ ಹೋಗಿರುತ್ತದೆ, ಉಳಿದದ್ದು ಪಾಕದಂಥ ಸಿಹಿ. ಎರಡನೇ ಗುಟುಕು ಅವನಿಗೇ ಬೇಡವಾಗುತ್ತದೆ. ಸಕ್ಕರೆ ನಿನ್ನೆಯೂ ಅಷ್ಟೇ ಇತ್ತು. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಅದರಲ್ಲಿ ಹಾಕುವ ಫಾಸ್ಫಾರಿಕ್ ಆಮ್ಲದ ಹುಳಿ ಉಳಿದ ಸಿಹಿಯನ್ನು ಮರೆಸುತ್ತದೆ. ಗ್ಯಾಸ್ ಬಾಯಲ್ಲಿ ಕಾರ್ಬಾನಿಕ್ ಆಮ್ಲವಾಗಿ ಜುಮ್ಮೆನ್ನಿಸುತ್ತದೆ. ಮೇಲೆ ಸ್ವಲ್ಪ ಕೆಫೀನ್, ಅಂದರೆ ಕಾಫಿ, ಚಹಾದಲ್ಲಿ ಹುರುಪು ಕೊಡುವ ಅಂಶ. ಇವೆಲ್ಲ ಸೇರಿ, ಸಾಮಾನ್ಯವಾಗಿ ಯಾರೂ ಕುಡಿಯಲಾರದಷ್ಟು ಸಕ್ಕರೆಯನ್ನು ಸಲೀಸಾಗಿ ಗಂಟಲಿಗೆ ಇಳಿಸುತ್ತವೆ.

ಎಷ್ಟು ಸಕ್ಕರೆ? ಸಾಮಾನ್ಯವಾಗಿ 100 ಮಿ.ಲೀ.ಗೆ 10 ಗ್ರಾಂಗಿಂತ ತುಸು ಜಾಸ್ತಿ. ಅರ್ಧ ಲೀಟರ್ ಅಂದರೆ 50 ಗ್ರಾಂ ದಾಟಿತು, ಹತ್ತು ಚಮಚಕ್ಕೂ ಹೆಚ್ಚು. ದೊಡ್ಡವರಿಗೇ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಬಾಟಲಿಯಿಂದ 200 ಕ್ಯಾಲೊರಿ ಮೈಗೆ ಸೇರುತ್ತದೆ, ಹೆಚ್ಚುಕಡಿಮೆ ಎರಡು ತೆಳು ಜೋಳದ ರೊಟ್ಟಿಯಷ್ಟು. ರೊಟ್ಟಿಯಲ್ಲಿ ನಾರು, ಪ್ರೋಟೀನ್, ಕಬ್ಬಿಣ ಇವೆ, ಹೊಟ್ಟೆಯೂ ತುಂಬುತ್ತದೆ. ಕೋಲಾದಲ್ಲಿ ಅದ್ಯಾವುದೂ ಇಲ್ಲ. ಅದನ್ನು ಕುಡಿದ ಹುಡುಗ ಊಟವನ್ನೂ ಮಾಡುತ್ತಾನೆ. ನನಗೆ ಇನ್ನೂ ಹೆಚ್ಚು ಚಿಂತೆ ಅಂದರೆ, ಬೆಳೆಯುವ ವಯಸ್ಸಿನಲ್ಲಿ ಹಾಲು, ಮಜ್ಜಿಗೆಯ ಜಾಗವನ್ನು ಈ ಬಾಟಲಿ ಹಿಡಿಯುತ್ತದೆ.

ಇನ್ನು ಬಿರಿಯಾನಿ ಮಾತು. ನಿಮ್ಮ ಮನೆಯವರ ನಂಬಿಕೆಗೆ ಹಳೆಯ ಬೇರು ಇದೆ. ಈ ಪಾನೀಯಗಳು ಹುಟ್ಟಿದ್ದೇ ಅಮೆರಿಕದ ಔಷಧಿ ಅಂಗಡಿಗಳಲ್ಲಿ. 1886ರಲ್ಲಿ ಅಟ್ಲಾಂಟಾದ ಔಷಧಿ ತಯಾರಕ ಜಾನ್ ಪೆಂಬರ್ಟನ್ ಕೋಕಾ ಕೋಲಾ ಮಾಡಿದ. 1893ರಲ್ಲಿ ಇನ್ನೊಬ್ಬ ಔಷಧಿ ವ್ಯಾಪಾರಿ ಕೇಲಬ್ ಬ್ರಾಡಮ್ ಮಾಡಿದ ಪಾನೀಯಕ್ಕೆ ಮುಂದೆ ಪೆಪ್ಸಿ ಎಂಬ ಹೆಸರು ಬಂತು. ಅಜೀರ್ಣಕ್ಕೆ ಇಂಗ್ಲಿಷಿನಲ್ಲಿ ಡಿಸ್‌ಪೆಪ್ಸಿಯಾ ಅನ್ನುತ್ತಾರೆ, ಹೆಸರು ಅಲ್ಲಿಂದ ಬಂದದ್ದು. ಹೆಸರು ಉಳಿಯಿತು, ಔಷಧಿ ಮಾತ್ರ ಅದರಲ್ಲಿಲ್ಲ. ಕೋಲಾ ಕುಡಿದ ಮೇಲೆ ತೇಗು ಬರುತ್ತದಲ್ವಾ, ಅದು ನೀವು ಆಗಷ್ಟೇ ನುಂಗಿದ ಗ್ಯಾಸ್ ಹೊರಗೆ ಬಂದದ್ದು. ಹೊಟ್ಟೆ ಹಗುರಾದಂತೆ ಅನ್ನಿಸುತ್ತದೆ, ಆದರೆ ಮಾಂಸ, ಎಣ್ಣೆ ಕರಗುವ ಕೆಲಸ ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ಎದೆಯುರಿ ಇದ್ದವರಿಗೆ ತೊಂದರೆ ಹೆಚ್ಚುವುದೂ ಉಂಟು.

ಬಿಡಿಸುವುದು ಹೇಗೆ? ಒಮ್ಮೆಗೇ ನಿಲ್ಲಿಸಬೇಡಿ, ಕೆಫೀನ್ ತಪ್ಪಿ ಎರಡು ದಿನ ತಲೆನೋವು ಬರಬಹುದು. ಅರ್ಧ ಲೀಟರಿನಿಂದ 200 ಮಿ.ಲೀ.ಗೆ ಇಳಿಸಿ, ಆಮೇಲೆ ವಾರಕ್ಕೊಮ್ಮೆ ಸಾಕು. ಅವನಿಗೆ ಬೇಕಾಗಿರುವುದು ತಂಪು ಮತ್ತು ಗ್ಯಾಸ್. ಅದಕ್ಕೆ ಬರೀ ಸೋಡಾ ತಂದಿಡಿ. ನಿಂಬೆ ಹಿಂಡಿ, ಉಪ್ಪು, ಹುರಿದ ಜೀರಿಗೆ ಪುಡಿ, ಒಂದೇ ಚಮಚ ಸಕ್ಕರೆ ಹಾಕಿ ಕೊಡಿ. ಫ್ರಿಜ್ ಬಾಗಿಲಲ್ಲಿ ಕೋಲಾ ಇರುತ್ತಿದ್ದ ಜಾಗದಲ್ಲೇ ಮಜ್ಜಿಗೆ ಬಾಟಲಿ ಇರಲಿ. ಸುಮ್ನೆ 'ಕುಡಿಯಬೇಡ' ಅಂದರೆ ಹುಡುಗರು ಕೇಳುವುದಿಲ್ಲ. ಕೈಗೆ ಸಿಗುವ ಹಾಗೆ ಬೇರೆ ಏನಾದರೂ ಇರಬೇಕು.

ಹಲ್ಲಿನ ಬಗ್ಗೆ ಒಂದು ಮಾತು. ಹುಳಿಯನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಕೋಲಾದ ಪಿಎಚ್ ಸುಮಾರು 2.5. ಬಾಯಲ್ಲಿ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರ ಸವೆಯಲು ಶುರುವಾಗುತ್ತದೆ. ಗಂಟೆಗಟ್ಟಲೆ ಗುಟುಕು ಗುಟುಕಾಗಿ ಕುಡಿಯುವುದು ಇನ್ನೂ ಕೆಟ್ಟದ್ದು. ಕುಡಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಲಿ. ಕೂಡಲೇ ಬ್ರಷ್ ಮಾಡುವುದು ಬೇಡ, ಅರ್ಧ ಗಂಟೆ ಬಿಟ್ಟು ಮಾಡಲಿ. ಮೇಲೆ ಹೇಳಿದ ನಿಂಬೆ ಸೋಡಾಕ್ಕೂ ಇದೇ ಮಾತು.

ಪ್ರಶ್ನೆ: ನಾನು ಗೌಂಡಿ ಕೆಲಸ ಮಾಡುತ್ತೇನೆ. ಮಧ್ಯಾಹ್ನ ಒಂದು ಕೋಲಾ ಕುಡಿದರೆ ಮೈಗೆ ಶಕ್ತಿ ಬಂದಂತಾಗುತ್ತದೆ. ಬಿಸಿಲಿಗೆ ಒಳ್ಳೆಯದಲ್ವಾ?
– ಓದುಗರು, ಶಹಾಪುರ

ಉತ್ತರ: ಅಣ್ಣಾ, ಆ ಹುರುಪು ಸಕ್ಕರೆ ಮತ್ತು ಕೆಫೀನಿನದು, ಬೇಗ ಇಳಿಯುತ್ತದೆ. ಬಿಸಿಲಲ್ಲಿ ಮೈ ಕಳೆದುಕೊಳ್ಳುವುದು ನೀರು ಮತ್ತು ಉಪ್ಪು. ಆಸ್ಪತ್ರೆಯಲ್ಲಿ ಕೊಡುವ ಓಆರ್‌ಎಸ್‌ ನೋಡಿ. ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು. ಒಂದು ಲೀಟರ್ ಕೋಲಾದಲ್ಲಿ 100 ಗ್ರಾಂ ಮೀರಿ ಸಕ್ಕರೆ, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಅಷ್ಟು ಸಿಹಿ ಇದ್ದರೆ ಹೊಟ್ಟೆಯಿಂದ ನೀರು ಮೈಗೆ ಸೇರುವುದು ನಿಧಾನ. ಭೇದಿಯಾದಾಗ ಕೋಲಾ ಕೊಡಬಾರದು ಅನ್ನುವುದೂ ಇದಕ್ಕೇ.

ನಮ್ಮ ಹಿರಿಯರು ಹೊಲಕ್ಕೆ ಹೋಗುವಾಗ ಜೋಳದ ಅಂಬಲಿಗೆ ಮಜ್ಜಿಗೆ, ಉಪ್ಪು ಕಲಸಿ ಒಯ್ಯುತ್ತಿದ್ದರು. ನೀವೂ ಅದನ್ನೇ ಒಯ್ಯಿರಿ. ಜೊತೆಗೆ ನೀರು ಇರಲಿ. ನೀರಡಿಕೆ ಆಗುವ ತನಕ ಕಾಯಬೇಡಿ. ಜೊತೆಗಾರರು ಯಾರಾದರೂ ಬಿಸಿಲಲ್ಲಿ ತೊದಲಿದರೆ, ತಲೆಬುಡವಿಲ್ಲದೆ ಮಾತಾಡಿದರೆ, ಮೈ ಸುಡುತ್ತಿದ್ದರೆ ಕುಡಿಸುತ್ತಾ ಕೂರಬೇಡಿ. ನೆರಳಿಗೆ ಎಳೆದು, ಮೈಗೆ ನೀರು ಹಾಕುತ್ತಾ, 108ಕ್ಕೆ ಕರೆ ಮಾಡಿ.

ಪ್ರಶ್ನೆ: ನನಗೆ ಶುಗರ್ ಇದೆ. ಸಕ್ಕರೆ ಇಲ್ಲದ ಕೋಲಾ ಕುಡಿಯಬಹುದೇ?
– ನಿವೃತ್ತ ಶಿಕ್ಷಕರು, ಹುಮನಾಬಾದ್

ಉತ್ತರ: ಗುರುಗಳೇ, ಅಪರೂಪಕ್ಕೆ ಒಂದು ಕುಡಿದರೆ ರಕ್ತದ ಸಕ್ಕರೆ ಏರುವುದಿಲ್ಲ. ಹುಳಿ ಅಷ್ಟೇ ಇರುವುದರಿಂದ ಹಲ್ಲಿನ ತೊಂದರೆ ತಪ್ಪದು. ದಿನದ ಅಭ್ಯಾಸ ಮಾಡಿಕೊಳ್ಳಬೇಡಿ, ನೀರು, ಮಜ್ಜಿಗೆ ಸಾಕು.

ಆದರೆ ಮನೆಯವರಿಗೆ ಒಂದು ವಿಷಯ ತಿಳಿದಿರಲಿ. ಮಾತ್ರೆ ಅಥವಾ ಇನ್ಸುಲಿನ್ ತಗೊಂಡು ಊಟ ತಡವಾದಾಗ ಬೆವರು, ಕೈ ನಡುಕ ಬಂದು ಶುಗರ್ 70ಕ್ಕಿಂತ ಇಳಿದರೆ, ಆಗ ಸಕ್ಕರೆ ಇರುವ ಮಾಮೂಲಿ ಕೋಲಾವೇ ಬೇಕು. 150 ಮಿ.ಲೀ. ಕೊಟ್ಟರೆ ಸುಮಾರು 15 ಗ್ರಾಂ ಸಕ್ಕರೆ ಸಿಗುತ್ತದೆ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಗಡಿಬಿಡಿಯಲ್ಲಿ ಸಕ್ಕರೆ ಇಲ್ಲದ ಬಾಟಲಿ ಕೊಟ್ಟುಬಿಟ್ಟಾರು, ಲೇಬಲ್ ನೋಡಿ ಕೊಡಲು ಈಗಲೇ ಹೇಳಿಡಿ.